ಹಿರಿಸೊಸೆಗೆ ಸಿಕ್ಕ ದೀಪ

ಉಮಾಬಾಯಿಗೆ ಮುಟ್ಟು ನಿಂತು ಒಂದು ವರ್ಷ ತುಂಬಿದ್ದು ೨೦೦೫ರ ಆಗಸ್ಟ್ ತಿಂಗಳಲ್ಲಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಅವಳು ಕುಂಕುಮದ ಚುಕ್ಕೆ ಇಟ್ಟುಕೊಂಡಿದ್ದಳು. ಗಂಡ ಕಾಶಿನಾಥ ಇದೇನೆಂದು ಕೇಳಿದ್ದಕ್ಕೆ, "ನಿಮಗ್ಯಾಕ್ರಿ, ನಿಮ್ಮ ಅಂಗಡಿ ಸೀರಿ ಮಡಿಚ್ರಿ" ಎಂದಿದ್ದಳು. ಕಾಶಿನಾಥ ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಇಪ್ಪತ್ತೇಳು ವರ್ಷಗಳಿಂದ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಮಡಿಚುವ ಕೆಲಸದಲ್ಲಿದ್ದ. ಮನೆ ಅದೇ ಬಜಾರಿನ ಹಿಂದಿನ ಗಲ್ಲಿಯಲ್ಲಿತ್ತು.

ಚುಕ್ಕೆಗೆ ಕಾರಣ ನವರಾತ್ರಿ. ಹುಮನಾಬಾದಿನಿಂದ ಬಂದ ಈ ಮನೆತನದಲ್ಲಿ ನವರಾತ್ರಿಯ ಮೊದಲ ದಿನ ಹಸಿಮಣ್ಣಿನಲ್ಲಿ ಗೋಧಿ, ಜೋಳ ಬಿತ್ತಿ ಅದರ ನಡುವೆ ಘಟ ಕೂಡಿಸುತ್ತಾರೆ. ಪಕ್ಕದಲ್ಲಿ ಹಚ್ಚಿದ ದೀಪ ಒಂಬತ್ತು ದಿನ ಆರಕೂಡದು. ಎಣ್ಣೆ ಹಾಕುವ, ಬತ್ತಿ ಸರಿಸುವ ಕೈ ಒಂದೇ ಆಗಿರಬೇಕು; ಆ ಹೆಂಗಸು ನಡುವೆ ಹೊರಗಾಗಬಾರದು. ಹಾಗಾಗಿ ಮುಟ್ಟು ನಿಂತವಳಿಗೇ ಆ ಕೆಲಸ. ಅತ್ತೆ ಗುಂಡಮ್ಮ ಇಪ್ಪತ್ತು ವರ್ಷ ಅದನ್ನು ಮಾಡಿ, ಕೈ ನಡುಗತೊಡಗಿದ ಮೇಲೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟಿದ್ದು ಹಿರಿಸೊಸೆ ಉಮಾಬಾಯಿಗಲ್ಲ, ಮೈದುನ ಉಪೇಂದ್ರನ ಹೆಂಡತಿ ಸುಮಂಗಲಾಗೆ. ನೆಗೆಣ್ಣಿಯಾದ ಅವಳು ಉಮಾಬಾಯಿಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೆ ಅವಳಿಗೆ ನಲವತ್ಮೂರಕ್ಕೇ ನಿಂತುಹೋಗಿತ್ತು.

ನಾಲ್ಕು ನವರಾತ್ರಿ ಉಮಾಬಾಯಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. ಬಂದ ನೆಂಟರೆಲ್ಲ ಘಟಕ್ಕೆ ಕೈಮುಗಿದು, ಅಲ್ಲೇ ಕುಳಿತ ಸುಮಂಗಲಾಳ ಕಾಲಿಗೂ ಕೈ ತಾಗಿಸುತ್ತಿದ್ದರು. ಒಮ್ಮೆ ಒಬ್ಬ ಮುದುಕಿ ಸುಮಂಗಲಾಳನ್ನೇ ಹಿರಿಸೊಸೆಯೆಂದು ಕರೆದಳು. ಯಾರೂ ತಿದ್ದಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಉಮಾಬಾಯಿ ತಡೆದುಕೊಳ್ಳುತ್ತಿದ್ದಳೇನೋ. ಉಪೇಂದ್ರ ಐಟಿ ಕಂಪನಿಗಳಿಗೆ ಕ್ಯಾಬ್ ಓಡಿಸುವ ಗುತ್ತಿಗೆ ಹಿಡಿದು, ಸಂಸಾರ ಕಟ್ಟಿಕೊಂಡು ಕೊಂಡಾಪುರದ ಅಪಾರ್ಟ್‌ಮೆಂಟಿಗೆ ಹೋದ. ಅಲ್ಲಿ ಸುಮಂಗಲಾ ಬೇರೆಯೇ ಹೆಂಗಸಾದಳು. ಬೆಳಗ್ಗೆ ಬೂಟು ಹಾಕಿಕೊಂಡು ಗಚ್ಚಿಬೌಲಿ ರಸ್ತೆಯಲ್ಲಿ ನಡಿಗೆ. ಹುರಿದ ಅಗಸೆ, ಕರಿ ಎಳ್ಳು, ಸೋಯಾ ಕಾಳು, ಮಜ್ಜಿಗೆ. ಸಂಜೆಯ ಮೇಲೆ ಚಹಾ ಇಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈಗೆ ಝಳ ಹೊಡೆಯುವುದು, ನಿದ್ದೆಗೆಡುವುದು, ಕಾರಣವಿಲ್ಲದೆ ಅಳು ಬರುವುದು ತನಗೆ ಆಗಲೇ ಇಲ್ಲವೆಂದು ಅವಳು ಅಪಾರ್ಟ್‌ಮೆಂಟಿನ ಹೆಂಗಸರಿಗೆ ಹೇಳಿದಳು. ಅವರು ಕಿವಿಗೊಟ್ಟು ಕೇಳಿದರು. ಅಗಸೆ ಉಂಡೆ ಕಟ್ಟಿ ಕೊಡತೊಡಗಿದಳು. ಡಬ್ಬದ ಮೇಲೆ ತನ್ನ ಹೆಸರಿನ ಚೀಟಿ ಅಂಟಿಸಿದಳು.

ಆ ಉಂಡೆ ಉಮಾಬಾಯಿಯ ತವರಿನದು. ಬೆಲ್ಲದ ಪಾಕ ಯಾವ ಹದಕ್ಕೆ ಬಂದಾಗ ಅಗಸೆ ಸುರಿಯಬೇಕೆಂದು ಸುಮಂಗಲಾಗೆ ಒಲೆಯ ಮುಂದೆ ಕೂಡಿಸಿ ಕಲಿಸಿದ್ದು ಉಮಾಬಾಯಿಯೇ.

"ತಗೋರಿ ಅಕ್ಕಾ, ದಿನಾ ಒಂದು ತಿನ್ರಿ. ನಿಮ್ಮ ಝಳ ಕಡಿಮಿ ಆಕ್ಕತಿ" ಎಂದು ಸುಮಂಗಲಾ ಡಬ್ಬ ಮುಂದಿಟ್ಟಾಗ ಉಮಾಬಾಯಿ, "ನಮ್ಮವ್ವನ ಉಂಡಿ ನನಗೇ ತಂದಿಯಾ? ಚೀಟಿ ಚಂದ ಐತಿ" ಎಂದು ನಕ್ಕಳು. ಸುಮಂಗಲಾ ಹೋದ ಮೇಲೆ ಡಬ್ಬವನ್ನು ಮೇಲಿನ ಮನೆಯವರಿಗೆ ಕೊಟ್ಟುಬಿಟ್ಟಳು.

ಝಳ ಮಾತ್ರ ಅವಳನ್ನು ಬಿಡಲಿಲ್ಲ. ರೊಟ್ಟಿ ತಟ್ಟುತ್ತಿರುವಾಗ ಎದೆಯಿಂದ ಎದ್ದು ಕುತ್ತಿಗೆ, ಕಿವಿ, ನೆತ್ತಿಗೆ ಏರುತ್ತಿತ್ತು. ಹೆಂಚಿನ ಮೇಲಿನ ರೊಟ್ಟಿ ಬಿಟ್ಟು ನಲ್ಲಿಯ ಕೆಳಗೆ ತಲೆ ಒಡ್ಡುತ್ತಿದ್ದಳು. ಎರಡು ನಿಮಿಷಕ್ಕೆ ಬೆವರು ಆರಿ ಚಳಿ. ಇದನ್ನು ಹೇಳಿಕೊಂಡರೆ ಗುಂಡಮ್ಮ, "ಸುಮಂಗಲಾನ್ನ ಕೇಳು, ಆಕಿಗೆ ಗೊತ್ತೈತಿ" ಎನ್ನುತ್ತಿದ್ದರು. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು.

ಕೇಳುವುದಿದ್ದರೆ ಸುಮಂಗಲಾಳನ್ನು ಬಿಟ್ಟು ಊರಲ್ಲಿ ಬೇರೆ ಯಾರನ್ನಾದರೂ ಕೇಳುವುದೆಂದು ಉಮಾಬಾಯಿ ಬಜಾರಿನ ಒಂದು ಗಿಡಮೂಲಿಕೆ ಅಂಗಡಿಯ ಮೆಟ್ಟಿಲು ಹತ್ತಿದಳು. ಅಂಗಡಿಯವನು ಕಂದು ಬಣ್ಣದ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟ. "ಗರ್ಮೀ ಕಾ ದವಾ ಹೈ ಅಮ್ಮಾ. ಸುಬೆ ಏಕ್ ಚಮ್ಚಾ, ಶಾಮ್ ಏಕ್ ಚಮ್ಚಾ. ಬಸ್." ಝಳಕ್ಕೆ ಮದ್ದು, ಬೆಳಗ್ಗೆ ಸಂಜೆ ಒಂದೊಂದು ಚಮಚ. ಒಳಗೆ ಏನಿದೆ ಎಂದಾಗ, "ಸಬ್ ಜಡೀ-ಬೂಟಿ", ಎಲ್ಲ ಗಿಡಮೂಲಿಕೆಯೇ ಎಂದ. ಪೊಟ್ಟಣದ ಮೇಲೆ ಒಂದಕ್ಷರವೂ ಇರಲಿಲ್ಲ. ನವರಾತ್ರಿಯೊಳಗೆ ಗುಣವಾಗಬೇಕಿತ್ತು. ಉಮಾಬಾಯಿ ಒಂದರ ಬದಲು ಎರಡು ಚಮಚ ತಿಂದಳು.

ಮೂರು ವಾರಕ್ಕೆ ಝಳ ಇಳಿಯಿತು. ನಿದ್ದೆ ಬಂತು. ಕನ್ನಡಿಯಲ್ಲಿ ಕೆನ್ನೆ ತುಂಬಿದಂತೆ ಕಂಡಿತು. ನಡಿಗೆಯಿಲ್ಲ, ಬೂಟಿಲ್ಲ, ಸೋಯಾ ಇಲ್ಲ. ನೆಗೆಣ್ಣಿಯ ಉಂಡೆಯಂತೂ ಇಲ್ಲವೇ ಇಲ್ಲ. ಪುಡಿಯ ಪೊಟ್ಟಣವನ್ನು ಅವಳು ಜೋಳದ ಹಿಟ್ಟಿನ ಡಬ್ಬಗಳ ಹಿಂದೆ ಬಚ್ಚಿಟ್ಟಳು. ಸುಮಂಗಲಾಗೆ ಇದು ತಿಳಿದರೆ ನಾಳೆಯೇ ಅದರ ಮೇಲೂ ಚೀಟಿ ಅಂಟಿಸಿಯಾಳು ಎಂಬುದು ಅವಳ ಭಯ.

ಮಹಾಲಯ ಅಮಾವಾಸ್ಯೆಯ ದಿನ ಗುಂಡಮ್ಮ ಎಲ್ಲರೆದುರಿಗೆ, "ಈ ಸರ್ತಿ ಘಟ ಉಮಾಂದು. ಹಿರೀಕಿ ಆಕಿ" ಎಂದರು. ಸುಮಂಗಲಾ ಥಟ್ಟನೆ, "ಭಾಳ ಛಲೋ ಆತು" ಎಂದು ಎಣ್ಣೆಯ ತಂಬಿಗೆಯನ್ನು ಎರಡೂ ಕೈಯಿಂದ ಎತ್ತಿ ಕೊಟ್ಟಳು. ಅವಳ ಮುಖದಲ್ಲಿ ಬೇಸರ ಹುಡುಕಿದ ಉಮಾಬಾಯಿಗೆ ಅದು ಸಿಗಲಿಲ್ಲ. ಗೆದ್ದ ದಿನವೂ ಅಷ್ಟೊಂದು ಸುಖವಾಗಲಿಲ್ಲ.

ಮೂರು ದಿನ ದೀಪ ನೇರವಾಗಿ ಉರಿಯಿತು. ನಾಲ್ಕನೆಯ ದಿನ ಬೆಳಗ್ಗೆ, ಸ್ನಾನಕ್ಕೆ ಹೋದಾಗ, ಉಮಾಬಾಯಿ ತನ್ನ ಬಟ್ಟೆಯ ಮೇಲೆ ರಕ್ತ ಕಂಡಳು.

ಹದಿನಾಲ್ಕು ತಿಂಗಳ ಮೇಲೆ. ಬಚ್ಚಲಿನ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮೊದಲು ಬಂದದ್ದು ಹೆದರಿಕೆ. ಅದರ ಹಿಂದೆಯೇ, ಯಾರಿಗೂ ಹೇಳಲಾಗದ ಒಂದು ಹಿಗ್ಗು. ಐವತ್ತೊಂದರಲ್ಲಿ ತನಗೆ ಮರಳಿ ಬಂದಿದೆ. ಸುಮಂಗಲಾಳದು ನಲವತ್ಮೂರಕ್ಕೇ ಬತ್ತಿಹೋಯಿತು. ಪುಡಿ ತನ್ನನ್ನು ಮತ್ತೆ ಹರೆಯಕ್ಕೆ ತಂದಿದೆ ಎಂದೇ ಅವಳು ನಂಬಿದಳು. ಆಮೇಲೆ ದೀಪ ನೆನಪಾಯಿತು. ಹೇಳಿದರೆ ಎಣ್ಣೆಯ ತಂಬಿಗೆ ಇವತ್ತೇ ಸುಮಂಗಲಾಳ ಕೈಗೆ ಹೋಗುತ್ತದೆ. ಬಹುಶಃ ಇನ್ನೆಂದೂ ಮರಳಿ ಬರುವುದಿಲ್ಲ.

ಅವಳು ಹೇಳಲಿಲ್ಲ. ಸ್ನಾನ ಮಾಡಿ, ಮಡಿಯುಟ್ಟು, ಎಣ್ಣೆ ಹಾಕಿದಳು. ದೀಪ ಆರಲಿಲ್ಲ.

ಐದನೆಯ ದಿನ ಅರಿಶಿನ-ಕುಂಕುಮಕ್ಕೆ ಹೆಂಗಸರು ಬಂದರು. ಸುಮಂಗಲಾ ಕೈಗೆಲಸಕ್ಕೆಂದು ಬೆಳಗ್ಗೆಯೇ ಬಂದಿದ್ದಳು. ಒಣಗಿದ ಪಾತ್ರೆ ತರಲು ಮಾಳಿಗೆಗೆ ಹೋದವಳು ಬೇಗ ಇಳಿಯಲಿಲ್ಲ. ಉಮಾಬಾಯಿ ಹತ್ತಿ ನೋಡಿದರೆ, ಹಗ್ಗದ ಮೇಲಿನ ತನ್ನ ಲಂಗವನ್ನು ಸರಿಸಿ ಅದರ ಅಡಿಗೆ ಬಚ್ಚಿಟ್ಟು ಒಣಹಾಕಿದ್ದ ಬಟ್ಟೆಯ ತುಂಡುಗಳನ್ನು ನೋಡುತ್ತ ನಿಂತಿದ್ದಾಳೆ.

"ಎಂದಿನಿಂದ ಅಕ್ಕಾ?"

"ಮಂದಿ ಅರಿಬಿ ಯಾಕ ಎತ್ತಿ ನೋಡ್ತಿ? ನಾಚಿಕಿ ಆಗೂದಿಲ್ಲೇನ ನಿನಗ?"

"ಎಂದಿನಿಂದ ಅಂತ ಕೇಳಾಕತ್ತೀನಿ."

"ನಿನ್ನಿಯಿಂದ. ಹೋಗು, ಅತ್ತೀಗೆ ಹೇಳು. ದೀಪ ನಿನಗ ಬೇಕಾಗೇತಿ, ತಗೋ."

ಸುಮಂಗಲಾ ಲಂಗವನ್ನು ಮೊದಲಿದ್ದಂತೆ ಹೊದಿಸಿದಳು. "ದೀಪ ನೀವೇ ಇಟ್ಕೋರಿ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ಆದ್ರ ನಾಳೆ ಡಾಕ್ಟರ್ ಕಡೆ ಬರ್ರಿ. ನಿಂತು ವರ್ಷ ಆದ ಮ್ಯಾಲ ಒಂದು ಚುಕ್ಕಿ ಕಂಡ್ರೂ ತೋರಿಸಬೇಕು ಅಂತ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದ ಡಾಕ್ಟರಮ್ಮ ಹೇಳ್ಯಾರ. ಭಾಳ ಸಲ ಏನೂ ಇರೂದಿಲ್ಲಂತ. ಒಮ್ಮೊಮ್ಮೆ ಇರ್ತದಂತ."

"ನನಗ ಬ್ಯಾನಿ ಇಲ್ಲ. ನಾನು ಗಟ್ಟಿ ಅದೀನಿ. ನಿನ್ನಂಗ ಒಣಗಿಲ್ಲ."

ಆ ಮಾತು ತಾಗಿತು. ಸುಮಂಗಲಾ ಪಾತ್ರೆ ಎತ್ತಿಕೊಂಡು ಕೆಳಗಿಳಿದಳು.

ಅರಿಶಿನ-ಕುಂಕುಮ ಮುಗಿಯುವ ತನಕ ಉಮಾಬಾಯಿ ಅವಳನ್ನೇ ಗಮನಿಸಿದಳು. ಸುಮಂಗಲಾ ಯಾರಿಗೂ ಏನೂ ಹೇಳಲಿಲ್ಲ. ಅತ್ತೆ ಕರೆದಾಗಲೂ ಬೇರೆ ಮಾತಾಡಿದಳು. ಅದೇ ಉಮಾಬಾಯಿಗೆ ಸಹಿಸಲಾಗಲಿಲ್ಲ. ಇನ್ನು ಮುಂದೆ ತಾನು ದೀಪಕ್ಕೆ ಎಣ್ಣೆ ಹಾಕಿದಾಗಲೆಲ್ಲ ಅದು ಸುಮಂಗಲಾಳ ಮೌನದಿಂದ ಉರಿಯುವ ದೀಪ. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ. ನೆಗೆಣ್ಣಿ ಉಳಿಸಿಕೊಟ್ಟ ಹಿರಿತನ ಅವಳಿಗೆ ಬೇಕಿರಲಿಲ್ಲ.

ಹೆಂಗಸರು ಹೋದ ಮೇಲೆ ಅವಳೇ ಹೋಗಿ ಅತ್ತೆಯ ಮುಂದೆ ಕುಳಿತಳು. "ಅತ್ತೀ, ನಿನ್ನೆ ನಾನು ಹೊರಗಾಗೀನಿ. ಹೇಳದನ ಎಣ್ಣಿ ಹಾಕೀನಿ."

ಗುಂಡಮ್ಮ ಘಟದ ಕಡೆ ನೋಡಿದರು. ಮೊಳಕೆ ಎರಡು ಬೆರಳು ಎದ್ದಿತ್ತು. "ದೇವಿ ತಡಕೊಂಡಾಳ" ಎಂದರು. "ನಿಂತದ್ದು ಮತ್ತ ಬಂದದ್ದು ನಾ ಒಬ್ಬಾಕಿಗಷ್ಟ ಕಂಡೀನಿ. ನಮ್ಮಕ್ಕಗ ಬಂದಿತ್ತು. ಆಕಿನೂ ಯಾರಿಗೂ ಹೇಳಲಿಲ್ಲ." ಅಕ್ಕ ಏನಾದಳೆಂದು ಅವರು ಹೇಳಲಿಲ್ಲ. ಉಮಾಬಾಯಿ ಆ ಅಕ್ಕನನ್ನು ಫೋಟೋದಲ್ಲಿ ಮಾತ್ರ ನೋಡಿದ್ದಳು. "ಸುಮಂಗಲಾ, ದೀಪ ನೋಡ್ಕೊ. ನಾಳೆ ಒಂದೀಟು ಹೊತ್ತು ನಾನೇ ಕೂಡ್ತೀನಿ, ನೀ ಈಕಿನ್ನ ಕರ್ಕೊಂಡು ಹೋಗು."

ಆಸ್ಪತ್ರೆಯಲ್ಲಿ ವೈದ್ಯೆ, ಉಮಾಬಾಯಿ ಸೆರಗಿನಿಂದ ತೆಗೆದು ಕೊಟ್ಟ ಪುಡಿಯ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆಸರಿಲ್ಲದ ಪುಡಿಯಲ್ಲಿ ಏನಿದೆಯೆಂದು ತಾನು ಹೇಳಲಾರೆ, ಕೆಲವು ಮೂಲಿಕೆಗಳು ಹೆಣ್ಣಿನ ಹಾರ್ಮೋನಿನಂತೆಯೇ ಕೆಲಸ ಮಾಡುತ್ತವೆ, ಕೆಲವರು ಗುಳಿಗೆಯನ್ನೇ ಅರೆದು ಬೆರೆಸುತ್ತಾರೆ, ಇವತ್ತಿನಿಂದ ಇದು ಬಂದ್ ಎಂದರು. ಅಗಸೆ, ಎಳ್ಳು, ಸೋಯಾ ಊಟದಲ್ಲಿ ಇರಲಿ. ಕೆಲವರಿಗೆ ಝಳ ತಗ್ಗುತ್ತದೆ, ಕೆಲವರಿಗೆ ಇಲ್ಲ. ತಗ್ಗದಿದ್ದರೆ ಬಂದು ಕೇಳಬೇಕು, ಅದಕ್ಕೆ ಮದ್ದಿದೆ. ಸ್ಕ್ಯಾನ್ ಆಯಿತು. ಗರ್ಭಕೋಶದ ಒಳಪದರದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು.

ಬರೆಯುತ್ತ ಬರೆಯುತ್ತ ವೈದ್ಯೆ ಸುಮಂಗಲಾಳ ಕಡೆ ತಿರುಗಿದರು. "ನಿಮಗೆ ಎಷ್ಟಕ್ಕೆ ನಿಂತಿತು?"

"ನಲವತ್ಮೂರಕ್ಕ."

"ಬೇಗ ಆಯಿತಲ್ಲ. ಹೀಗಾದರೆ ಮೂಳೆ ಸವೆಯುತ್ತದೆ. ಮೂಳೆ ಪರೀಕ್ಷೆ ಮಾಡಿಸಿದ್ದೀರಾ?"

"ಇಲ್ರಿ. ಎಲುವಿಂದೂ ಪರೀಕ್ಷಾ ಇರ್ತದಂತ ಗೊತ್ತಿರಲಿಲ್ಲ." ನಾಲ್ಕು ವರ್ಷದಲ್ಲಿ ಸುಮಂಗಲಾಗೆ ಗೊತ್ತಿಲ್ಲದ ಸಂಗತಿಯೊಂದು ಉಮಾಬಾಯಿಯ ಕಿವಿಗೆ ಬಿದ್ದದ್ದು ಅದೇ ಮೊದಲು. ಹೊಟ್ಟೆಯಲ್ಲಿ ನೋವಿದ್ದರೂ ಅವಳಿಗೆ ಒಂದು ಕ್ಷಣ ತಂಪಾಯಿತು.

ಮರಳುವಾಗ ಆಟೋದಲ್ಲಿ ಸುಮಂಗಲಾ ಹೊರಗೆ ನೋಡುತ್ತ ಹೇಳಿದಳು: "ಝಳ ನನಗೂ ಹೊಡೀತಿತ್ತು ಅಕ್ಕಾ. ಇನ್ನೊಂದು ಕೂಸು ಬೇಕಂತ ಇದ್ದೆ. ಇದ್ದಕ್ಕಿದ್ದಂಗ ನಿಂತು ಬಿಡ್ತು. ಅತ್ತಿ ದೀಪ ಕೊಟ್ಟಾಗ ಎಲ್ಲಾರೂ ಪುಣ್ಯವಂತಿ ಅಂದ್ರು. ನೀವು ಹಿತ್ತಲ ಬಾಗಿಲದಾಗ ನಿಂತಿರ್ತಿದ್ರಿ. ನಿಮಗ ಇನ್ನೂ ಆಗ್ತಿತ್ತು; ನಿಮ್ಮನ್ನ ನೋಡಿದ್ರ ನನ್ನ ಹೊಟ್ಟಿ ಉರೀತಿತ್ತು."

ಉಮಾಬಾಯಿ ಅವಳ ಕಡೆ ತಿರುಗಿದಳು. ತಾನು ಹೊಟ್ಟೆಕಿಚ್ಚುಪಟ್ಟ ಅಷ್ಟೂ ವರ್ಷ ಆಕೆಯೂ ಪಡುತ್ತಿದ್ದಳೆಂದರೆ, ಅದರಲ್ಲೂ ತಾನೊಬ್ಬಳೇ ಅಲ್ಲ. "ಆ ಉಂಡಿ ಚೀಟಿ ಮ್ಯಾಲ ನಮ್ಮವ್ವನ ಹೆಸರು ಹಾಕಬೇಕಾಗಿತ್ತು ನೀನು" ಎಂದಳು.

"ಹೆಸರೇನು ನಿಮ್ಮವ್ವಂದು?"

"ಜಯಮ್ಮ."

ದಸರೆ ಮುಗಿದು ಎರಡು ದಿನಕ್ಕೆ ವರದಿ ಬಂತು. ಕ್ಯಾನ್ಸರ್ ಅಲ್ಲ. ಸಣ್ಣದೊಂದು ಗಂಟು ಇದೆ, ತೆಗೆದರೆ ಮುಗಿಯಿತು ಎಂದರು ವೈದ್ಯೆ. ಕಾಶಿನಾಥ ಆಸ್ಪತ್ರೆಯ ಗೋಡೆಗೆ ಆತು ನಿಂತು ಕಣ್ಣೊರೆಸಿಕೊಂಡ. ಉಮಾಬಾಯಿ ಅವನ ಮೊಬೈಲು ಇಸಿದುಕೊಂಡಳು. ಸುದ್ದಿ ಮೊದಲು ಯಾರಿಗಾದರೂ ಹೇಳಲೇಬೇಕಿತ್ತು. ಅವಳಿಗೆ ನೆನಪಾದದ್ದು ಒಂದೇ ನಂಬರು.

"ಏನೂ ಇಲ್ಲಂತ" ಎಂದಳು.

"ನನಗ ಗೊತ್ತಿತ್ತು ಅಕ್ಕಾ" ಎಂದಳು ಸುಮಂಗಲಾ. ಅವಳ ದನಿ ಒಡೆದಿತ್ತು.

ತನ್ನ ಸುದ್ದಿಯೂ ತನಗಿಂತ ಮೊದಲು ಇವಳಿಗೇ ಗೊತ್ತಿರಬೇಕೇ! ಉಮಾಬಾಯಿಗೆ ಚುರ್ರೆಂದಿತು. "ಎಲ್ಲಾ ನಿನಗ ಗೊತ್ತಿರ್ತದ. ನಿನ್ನ ಎಲುವಿಂದು ಒಂದು ಗೊತ್ತಿಲ್ಲ" ಎಂದಳು. "ಮಂಗಳವಾರ ಒಂಬತ್ತಕ್ಕ ಪರೀಕ್ಷಾಕ್ಕ ಕರ್ಕೊಂಡು ಹೋಗಾಕ ಬರ್ತೀನಿ. ತಯಾರಾಗಿ ಕುಂದ್ರು. ಆ ಬೂಟು ಗೀಟು ಹಾಕ್ಕೊಂಡು ತಿರುಗಾಕ ಹೋಗಿದ್ದಿ ಅಂದ್ರ ನೋಡು ಮತ್ತ."

"ಹೂನ್ರಿ" ಎಂದಿತು ಆ ಕಡೆಯ ದನಿ. ಆರೋಗ್ಯದ ಮಾತಿನಲ್ಲಿ ಸುಮಂಗಲಾ ತಿರುಗಿ ಬುದ್ಧಿ ಹೇಳದೆ ಒಪ್ಪಿಕೊಂಡದ್ದು ಉಮಾಬಾಯಿ ಕಂಡಂತೆ ಅದೇ ಮೊದಲ ಸಲ.