ಅಕ್ಕೋರ ಸೆರಗಿನ ಬೆಲ್ಲ

ಪದ್ಮಾವತಿ ಅಕ್ಕೋರ ಸೆರಗಿನ ತುದಿಯಲ್ಲಿ ಸದಾ ಒಂದು ತುಂಡು ಬೆಲ್ಲ ಗಂಟಾಗಿರುತ್ತಿತ್ತು. ಇಂಗ್ಲಿಷ್ ವಾಕ್ಯ ಸರಿ ಹೇಳಿದವರಿಗೆ ಒಂದು ಚೂರು. ತಪ್ಪಿದರೆ ಆ ಚೂರು ಅಕ್ಕೋರ ಬಾಯಿಗೇ. ನನ್ನಿಂದ ಅವರಿಗೆ ಬಹಳ ಬೆಲ್ಲ ಸಿಕ್ಕಿದೆ.

ಅವರು ಬನಹಟ್ಟಿಯಲ್ಲಿ ನಮ್ಮ ಓಣಿಯವರೇ. ಸಾಲೆಯಿಂದ ನಿವೃತ್ತರಾದ ಮೇಲೆ, ಮದುವೆಯಾದ ಮೇಲೆ ಹತ್ತನೆಯ ತರಗತಿ ಪರೀಕ್ಷೆ ಕಟ್ಟಿದ ನಮ್ಮಂಥ ಹೆಣ್ಣುಮಕ್ಕಳನ್ನು ಮಧ್ಯಾಹ್ನ ಪಡಸಾಲೆಯಲ್ಲಿ ಕೂಡಿಸಿಕೊಂಡು ಪಾಠ ಹೇಳುತ್ತಿದ್ದರು. ಪಕ್ಕದ ಮಗ್ಗಗಳ ಸದ್ದಿಗಿಂತ ಅವರ ದನಿಯೇ ಜೋರು. ನನಗೆ ಇಂಗ್ಲಿಷ್ ಒಂದೇ ಉಳಿದಿತ್ತು. ಅದೊಂದು ಆದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು.

ಅವರದು ಜೈನರ ಮನೆ. ಚಾತುರ್ಮಾಸ ಬಂದರೆ ಇಷ್ಟದ್ದೊಂದನ್ನು ಬಿಡುವ ನೇಮ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುತ್ತಿರಲಿಲ್ಲ. ‘ಗಿವ್ ಅಪ್’ ಅನ್ನುವುದನ್ನೂ ಹಾಗೆಯೇ ಕಲಿಸಿದರು.

“ಇಷ್ಟದ್ದನ್ನ ಕೈಯಾರೆ ಬಿಡೂದು ಒಂದು. ಸೋತು ಕೈಚೆಲ್ಲಿ ಕೂಡೂದು ಇನ್ನೊಂದು. ಮಾತು ಒಂದ, ಮನಸ ಬ್ಯಾರೆ. ಹೂಂ, ನೀವೇನೇನ ಬಿಟ್ಟೀರಿ ಹೇಳ್ರಿ.”

ಪಕ್ಕದ ಮನೆಯ ಕಸ್ತೂರಿ ಎದ್ದು, “ಐ ಗೇವ್ ಅಪ್ ಅತ್ತಿ” ಅಂದಳು.

“ನೀ ಬಿಟ್ಟಿ, ಖರೆ. ಅತ್ತಿ ನಿನ್ನ ಬಿಟ್ಟಾಳೇನ?” ಅಂದರು ಅಕ್ಕೋರು. ಆ ದಿನ ಪಾಠ ಅಲ್ಲಿಗೇ ಮುಗಿಯಿತು.

ಆ ವರ್ಷ ನಾನು ಫೇಲಾದೆ. ಪುಸ್ತಕವನ್ನು ಅವರ ಮುಂದಿಟ್ಟು, “ಗಿವ್ ಅಪ್ ರೀ ಅಕ್ಕೋರ, ನನ್ನ ಕೈಲಿ ಆಗೂದಿಲ್ಲ” ಅಂದೆ.

ಅವರು ಸೆರಗಿನ ಗಂಟು ಬಿಚ್ಚಿ, ಇಡೀ ತುಂಡನ್ನೇ ನನ್ನ ಅಂಗೈಗಿಟ್ಟರು. “ನೀ ಬಿಡಬ್ಯಾಡ ಗಂಗವ್ವಾ. ನಾ ಬಿಡ್ತೇನಿ. ನೀ ಪಾಸಾಗೂತನಕ ನನಗ ಬೆಲ್ಲ ಬ್ಯಾಡ.”

ನೇಮವೆಂದರೆ ನೇಮ. ನಮಗೆಲ್ಲ ಚೂರು ಹಂಚಿ, ಬೆರಳಿಗೆ ಅಂಟಿದ್ದನ್ನೂ ನೆಕ್ಕದೆ ತೊಳೆದುಕೊಳ್ಳುತ್ತಿದ್ದರು. ಅದನ್ನು ನೋಡಿ ನೋಡಿಯೇ ನಾನು ಓದಿದೆ.

ಮರುವರ್ಷ ಫಲಿತಾಂಶ ಬಂದಾಗ ಮುಧೋಳದ ತವರಿನಲ್ಲಿದ್ದೆ. ಪಾಸು! ಕೂಡಲೇ ಫೋನ್ ಮಾಡಿದೆ. ಅಷ್ಟೊತ್ತಿಗೆ ಹಾಸಿಗೆ ಹಿಡಿದಿದ್ದ ಅಕ್ಕೋರು, “ನಿಮ್ಮೂರ ಬೆಲ್ಲ ತಗೊಂಡ ಬಾ. ನಿನ್ನ ಕೈಲೇ ತಿಂತೇನಿ” ಅಂದರು. ಮಹಾಲಿಂಗಪುರದ ಹತ್ತಿರ ಬಸ್ಸು ಪಂಕ್ಚರಾಗಿ ನಿಂತಿತು. ನಾನು ಅವರ ಹೊಸ್ತಿಲು ದಾಟುವಾಗ ಮನೆಯಲ್ಲಿ ದೀಪ ಹಚ್ಚಿದ್ದರು.

“ಹೊತ್ತ ಮುಳುಗೇತವ್ವಾ.”

“ಒಂದ ಚೂರು ರೀ. ದೇವರೇನ ಬ್ಯಾಡ ಅನ್ನೂದಿಲ್ಲ.”

“ದೇವರು ಅನ್ನೂದಿಲ್ಲ, ನಾ ಅಂತೇನಿ. ಮುಂಜಾನಿ ಬಾ.”

ಬೆಲ್ಲವನ್ನು ಮೂಗಿಗೆ ಹಿಡಿದು ಮೂಸಿ ನಕ್ಕರು. ಆಮೇಲೆ ಸೆರಗಿಗೆ ಕಟ್ಟಿಕೊಂಡರು.

ಮುಂಜಾನೆ ಹೋದಾಗ ಓಣಿಯ ಜನ ಅಂಗಳದಲ್ಲಿ ನಿಂತಿದ್ದರು. ಅಕ್ಕೋರು ನಿದ್ದೆಯಲ್ಲೇ ಹೋಗಿದ್ದರು. ಅವರ ಸೊಸೆ ಸೆರಗಿನ ಗಂಟು ಬಿಚ್ಚಿ, ಬೆಲ್ಲವನ್ನು ನನ್ನ ಕೈಗಿಟ್ಟಳು.

ನಾನು ಪಾಸಾದದ್ದನ್ನು ಕೇಳಿಯೇ ಹೋದರು. ಅಷ್ಟರ ಮಟ್ಟಿಗೆ ದೇವರು ಕರುಣೆ ತೋರಿದ. ಬಸ್ಸು ಅರ್ಧ ತಾಸು ಮೊದಲು ಬಂದಿದ್ದರೆ ಅನ್ನುವುದು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಬೆಲ್ಲವನ್ನು ನಮ್ಮ ಮನೆಯ ದೇವರ ಜಗಲಿಯ ಮೇಲಿಟ್ಟೆ. ಇರುವೆ ಸಾಲು ಹತ್ತಿತು. ಅಕ್ಕೋರು ಇರುವೆಗಳನ್ನು ಗುಡಿಸಲು ಎಂದೂ ಬಿಟ್ಟವರಲ್ಲ. ನಾನೂ ಗುಡಿಸಲಿಲ್ಲ.