‘ಯಾರದು?’ ಎಂದರೆ ಹೆಸರು ಹೇಳಬೇಕು

ತಬೂಕ್ ಪೇಟೆ ಬಿಟ್ಟು ಅರ್ಧ ಗಂಟೆಯಾಗಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. 2016ರ ಜನವರಿಯ ಚಳಿಗೆ ಪಿಕಪ್ಪಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಆಲಿವ್ ತೋಟವೊಂದರ ಗೇಟಿನ ಮುಂದೆ ಗಾಡಿ ನಿಲ್ಲಿಸಿದ ಸೇಸಪ್ಪ ಆಚಾರ್ಯರು ಕೂಡಲೇ ಇಳಿಯುವುದಿಲ್ಲ. ಉಳಿ, ಕೊಡತಿಗಳ ಚೀಲವನ್ನು ಮಡಿಲಿಗೆ ಎಳೆದುಕೊಂಡು ನನ್ನ ಕಡೆ ತಿರುಗುತ್ತಾರೆ.

“ಒಳಗೆ ಒಬ್ಬರು ಅಜ್ಜ ಇದ್ದಾರೆ. ಯಾರದು ಅಂತ ಕೇಳ್ತಾರೆ. ಕೇಳಿದ ಕೂಡ್ಲೆ ಹೆಸರು ಹೇಳ್ಬೇಕು, ದೊಡ್ಡ ಸ್ವರದಲ್ಲಿ. ಬರೀ ಹೂಂ ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೆ.”

ದಮ್ಮಾಮಿನಿಂದ ಇಷ್ಟು ದೂರ ಬಂದದ್ದು ಒಬ್ಬ ಬಡಗಿಯ ಕೆಲಸ ನೋಡಿ ಪತ್ರಿಕೆಗೆ ಬರೆಯಲು. ಇದೆಂಥ ಪರೀಕ್ಷೆ ಅಂದುಕೊಂಡೇ ಇಳಿಯುತ್ತೇನೆ. ಗೇಟು ಕಿರ್ರೆನ್ನುತ್ತದೆ. ನಾಲ್ಕು ಹೆಜ್ಜೆ ಇಟ್ಟಿಲ್ಲ, ಜಗಲಿಯ ನೆರಳಿನಿಂದ ಅರಬಿಯಲ್ಲಿ ಪ್ರಶ್ನೆ ಬರುತ್ತದೆ: “ಯಾರದು?”

ಬಿಳಿ ಗಡ್ಡದ ಮುದುಕರೊಬ್ಬರು ಕಂಬಕ್ಕೆ ಒರಗಿ ನಿಂತಿದ್ದಾರೆ. ಹೆಗಲಿಗೇರಿಸಿದ ಕೋವಿ ನೇರ ನಮ್ಮ ಎದೆಗೇ ಗುರಿಯಾಗಿದೆ.

“ಸೇಸಪ್ಪ!” ಎಂದು ಆಚಾರ್ಯರು ಕೂಗುತ್ತಾರೆ. ಅವರು ಮೊಣಕೈಯಿಂದ ತಿವಿದ ಮೇಲೆ, “ರಝಾಕ್” ಎನ್ನುತ್ತೇನೆ. ಅದು ಸ್ವರವೋ, ಕೀರಲೋ, ನನಗೇ ಗೊತ್ತಾಗುವುದಿಲ್ಲ. ಕೋವಿ ಇಳಿಯುವುದಿಲ್ಲ. ಅದರ ತುದಿ ನಿಧಾನಕ್ಕೆ ನಮ್ಮಿಬ್ಬರನ್ನೂ ಬಿಟ್ಟು, ನಮ್ಮ ಹಿಂದಿನ ಖಾಲಿ ಜಾಗದ ಕಡೆ ಸರಿಯುತ್ತದೆ.

“ಮೂರನೆಯವನು?”

ತಿರುಗಿ ನೋಡುತ್ತೇನೆ. ತೆರೆದ ಗೇಟು, ಪಿಕಪ್ಪು, ಅದರಾಚೆ ಬರೀ ಮರಳು. ತೋಟದ ನಾಯಿಗಳು ಆ ಕಡೆಗೇ ಮುಖ ಮಾಡಿ ಕೂತಿವೆ, ಒಂದೂ ಬೊಗಳುವುದಿಲ್ಲ. ಆಚಾರ್ಯರು ಇದನ್ನೇ ಕಾಯುತ್ತಿದ್ದವರಂತೆ ತಣ್ಣಗೆ ಹೇಳುತ್ತಾರೆ: “ವಾಮನ.”

ಕೋವಿ ಕೆಳಗಿಳಿಯುತ್ತದೆ. ಮುದುಕರ ಮುಖದಲ್ಲಿ ನಗು. ಒಳಗೆ ಕರೆದು ಕೂರಿಸಿ, ತಾವೇ ಅರಬಿ ಕಾಫಿ ಕಹ್ವಾ ಬಗ್ಗಿಸುತ್ತಾರೆ. ಅತಿಥಿಗಳ ಮುಂದೆ ಮೂರು ಪುಟ್ಟ ಬಟ್ಟಲು. ಮೂರನೆಯದರ ಮುಂದೆ ಯಾರೂ ಕೂತಿಲ್ಲ, ಅದರಿಂದ ಏಳುವ ಹಬೆಯನ್ನು ನಾನು ನೋಡುತ್ತಾ ಕೂರುತ್ತೇನೆ.

“ಹೆದರಿದ್ರಾ?” ಆಚಾರ್ಯರು ನನ್ನ ಕಿವಿಯ ಬಳಿ ಬಾಗುತ್ತಾರೆ. “ಆ ಕೋವಿ ಮರದ್ದು. ನಾನೇ ಮಾಡಿದ್ದು.”

ಮೊದಲೇ ಹೇಳಬಾರದಿತ್ತೇ ಎಂದು ಸಿಟ್ಟು ಬರುತ್ತದೆ. ಆದರೆ ಮೊದಲೇ ಗೊತ್ತಿದ್ದರೆ ನಾನು ಖಂಡಿತ ಉಡಾಫೆಯಿಂದ ‘ಹೂಂ’ ಅನ್ನುತ್ತಿದ್ದೆ ಎಂಬುದೂ ನಿಜ.

ಸೇಸಪ್ಪ ಆಚಾರ್ಯರು ಹೆಬ್ರಿ ಕಡೆಯವರು. ಸೌದಿಗೆ ಬಂದು ಹದಿನೇಳು ವರ್ಷ. ತಬೂಕಿನ ಹಳೇ ಪೇಟೆಯ ಮರದಂಗಡಿಯಲ್ಲಿ ಬಾಗಿಲು, ಅಡುಗೆಮನೆಯ ಕಪಾಟು, ಮಂಚ ಮಾಡುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿಮೆ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಬೆವರು, ಚಳಿಗಾಲದಲ್ಲಿ ಬಿರಿದ ಬೆರಳು. ಹೆಂಡತಿ ವಾರಿಜಾಕ್ಷಿ ಊರಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಮುಖ ನೋಡುವ ಸಂಸಾರ. ವರ್ಷಕ್ಕೆ ನಾಲ್ಕಾರು ಸಲ ಬೇರೆಯದೇ ಒಂದು ಕೆಲಸ ಅವರನ್ನು ಹುಡುಕಿಕೊಂಡು ಬರುತ್ತದೆ. ಪೇಟೆಯಿಂದ ದೂರದ ತೋಟದ ಮನೆಗಳಲ್ಲಿ, ಕಾವಲಿಗೆಂದು ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಂಡವರಿಗೆ, ಅದನ್ನು ಇಡುವ ಕಪಾಟು. ಒಳಗೆ ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ, ಹೊರಗೆ ಮರದ ಹೊದಿಕೆ. ಕೋವಿ ಒಂದು ಕೋಣೆಯಲ್ಲಿ, ಗುಂಡು ಇನ್ನೊಂದರಲ್ಲಿ, ಬೀಗದ ಕೈ ಲೈಸೆನ್ಸ್ ಇದ್ದವನ ಮೈಮೇಲೆ. ಮನೆಯ ಬೇರೆ ಯಾರ ಕೈಗೂ ಸಿಗಬಾರದು.

ಈ ಕೆಲಸದಲ್ಲಿ ಅವರದ್ದೊಂದು ವ್ರತವಿದೆ. ಕೋವಿಯನ್ನು ಅವರು ಮುಟ್ಟುವುದಿಲ್ಲ. ಮನೆಯವರೇ ಹಿಡಿದು ನಿಲ್ಲಬೇಕು, ಇವರು ಮಾರು ದೂರದಿಂದ ಕೋಲು ಚಾಚಿ ಅಳತೆ ಮಾಡಬೇಕು. ಪರದೇಶದವನು ಮುಟ್ಟಿ ಇಕಾಮಾಕ್ಕೆ, ಅಂದರೆ ಇಲ್ಲಿ ಇರುವ ಪರವಾನಗಿಗೆ, ಕುತ್ತು ತಂದುಕೊಳ್ಳುವುದು ಬೇಡ ಎಂಬುದು ಎಲ್ಲರಿಗೂ ಹೇಳುವ ಕಾರಣ. ಇನ್ನೊಂದು ಪದ್ಧತಿಯೂ ಉಂಟು. ಹೊಸ ಕಪಾಟನ್ನು ಖಾಲಿ ಬಿಟ್ಟು ಬರುವುದಿಲ್ಲ. ಒಂದು ಮರದ ತುಂಡನ್ನಾದರೂ ಒಳಗೆ ನಿಲ್ಲಿಸಿಯೇ ಬಾಗಿಲು ಹಾಕುವುದು.

“ಖಾಲಿ ತೊಟ್ಟಿಲು ತೂಗ್ಬಾರ್ದು ಅಂತ ಊರಲ್ಲಿ ಹೇಳ್ತಾರಲ್ಲ, ಹಾಗೆಯೇ ಇದು ಕೂಡ. ಮನುಷ್ಯನಷ್ಟು ಎತ್ತರದ ಪೆಟ್ಟಿಗೆ. ಖಾಲಿ ಇಟ್ರೆ ಯಾರಾದ್ರೂ ಬಂದು ನಿಲ್ತಾರೆ.”

ನಾನು ನಗುತ್ತೇನೆ. ಅಷ್ಟರಲ್ಲಿ ಅಜ್ಜನ ಕೋಣೆಯ ಕಪಾಟು ಒಳಗಿನಿಂದ ಟಕ್ ಟಕ್ ಎನ್ನುತ್ತದೆ. ಚಳಿಗೆ ಮರ ಬಿಗಿದುಕೊಳ್ಳುವ ಸದ್ದು ಎಂದು ಆಚಾರ್ಯರು ವಿವರಿಸುತ್ತಾರೆ. ನಗು ಆಗಲೇ ನಿಂತುಹೋಗಿದೆ.

ಈ ಅಜ್ಜನನ್ನು ಎಲ್ಲರೂ ಕರೆಯುವುದು ಅಬು ಸತ್ತಾಮ್, ಅಂದರೆ ಸತ್ತಾಮನ ಅಪ್ಪ. ತೋಟ ಅವರು ಕಟ್ಟಿದ್ದು, ಕೋವಿ ಅವರದ್ದು. ಮೂರು ವರ್ಷದ ಹಿಂದೆ ಮರೆವಿನ ಕಾಯಿಲೆ ಶುರುವಾಯಿತು. ನಸುಕಿಗೆ ಎದ್ದು ಜಗಲಿಗೆ ಬಂದು, ಕತ್ತಲಲ್ಲಿ ಯಾರೋ ನಿಂತಿದ್ದಾರೆ ಎಂದು ಕೋವಿ ಹಿಡಿಯತೊಡಗಿದರು. ಒಂದು ದಿನ ಗುರಿಯಿಟ್ಟದ್ದು ನಮಾಜಿಗೆ ಎದ್ದ ಸ್ವಂತ ಸೊಸೆಗೆ. ಲೈಸೆನ್ಸ್ ಮಗ ಸತ್ತಾಮನ ಹೆಸರಿಗಾಯಿತು, ಕೋವಿ ಮಹಡಿಯ ಪೆಟ್ಟಿಗೆ ಸೇರಬೇಕಾಯಿತು. ಆದರೆ ಕೈಯಲ್ಲಿ ಕೋವಿ ಇಲ್ಲದ ಅಪ್ಪ ಅನ್ನ ಬಿಟ್ಟರು. ಆಗ ಸತ್ತಾಮ್ ಬಂದದ್ದು ಆಚಾರ್ಯರ ಬಳಿ.

“ಒಂದಲ್ಲ, ಎರಡು ಕಪಾಟು ಮಾಡುವ ಅಂದೆ ನಾನು. ಮೇಲೆ ನಿಜದ್ದು. ಕೆಳಗೆ ಅಜ್ಜನಿಗೆ ಮರದ್ದು. ಹಳೇ ಬಾಗಿಲಿನ ಸಾಗುವಾನಿ ಇತ್ತು, ಒಳಗೆ ಕಬ್ಬಿಣದ ತುಂಡು ಕೂರಿಸಿದೆ. ಭಾರ ಸರಿ ಇಲ್ಲದಿದ್ರೆ ಕೈಗೆ ಗೊತ್ತಾಗ್ತದಲ್ಲ. ಎಲ್ಲ ಈ ಮನೆಯಲ್ಲೇ ಕೂತು ಕೆತ್ತಿದ್ದು. ಗೇಟು ದಾಟಿಸ್ಲಿಲ್ಲ. ದಾರಿಯಲ್ಲಿ ಪೊಲೀಸರು ಹಿಡಿದ್ರೆ ಮರದ್ದು ಅಂತ ಹೇಳ್ಲಿಕ್ಕೆ ನನ್ನ ಅರಬಿ ಸಾಕಾಗುದಿಲ್ಲ.”

ಕೆತ್ತುವಷ್ಟು ದಿನವೂ ಅಜ್ಜ ಪಕ್ಕದಲ್ಲೇ ಕೂತು ನೋಡುತ್ತಿದ್ದರಂತೆ. ತಮ್ಮ ಕೋವಿಯನ್ನು ಬಡಗಿ ರಿಪೇರಿ ಮಾಡುತ್ತಿದ್ದಾನೆ ಎಂದೇ ಅವರ ನಂಬಿಕೆ.

ಕೆಲಸ ಮುಗಿದ ಮರುದಿನ, ಕಪಾಟಿನ ಬಾಗಿಲಿನ ತಿರುಗಣೆ ಸರಿಮಾಡಲು ಆಚಾರ್ಯರು ನಸುಕಿಗೇ ಬಂದರು. ಅಳತೆಗೆಂದು ಕೆಳಗೆ ತಂದಿದ್ದ ನಿಜದ ಕೋವಿಯನ್ನು ಹಿಂದಿನ ಸಂಜೆಯೇ ಮತ್ತೆ ಮೇಲೆ ಸಾಗಿಸುತ್ತೇನೆಂದು ಸತ್ತಾಮ್ ಮಾತು ಕೊಟ್ಟಿದ್ದ. ಸಾಗಿಸಿದನೋ ಇಲ್ಲವೋ, ಇವರಿಗೆ ಗೊತ್ತಿಲ್ಲ. ಅಂದು ಮಂಜು ಕವಿದಿತ್ತು. ಜಗಲಿಯಲ್ಲಿ ಅಜ್ಜ, ಹೆಗಲಲ್ಲಿ ಕೋವಿ. “ಯಾರದು?”

“ನಿಜದ್ದಾ ಮರದ್ದಾ? ಮಾಡಿದ ನನಗೇ ಗುರ್ತ ಸಿಗ್ಲಿಲ್ಲ ಮಾರಾಯ್ರೆ. ಆಗ ಎಂತ ನೆನಪಾಯ್ತು ಗೊತ್ತುಂಟಾ? ಅಣ್ಣ.”

ವಾಮನ ಆಚಾರ್ಯರು ಇವರ ಅಣ್ಣ. ಇಪ್ಪತ್ತು ವರ್ಷದ ಹಿಂದೆ ಒಂದು ಬೆಳಗಿನ ಜಾವ ಗದ್ದೆಗೆ ನೀರು ಕಟ್ಟಲು ಹೊರಟಿದ್ದರು. ನೆರೆಮನೆಯವರು ಹಂದಿ ಕಾಯುತ್ತಾ ಕೂತಿದ್ದರು. ತೋಟದ ಕೋವಿ, ಲೈಸೆನ್ಸ್ ಇದ್ದದ್ದೇ. ಪೊದೆ ಅಲ್ಲಾಡಿದಾಗ, “ಯಾರದು?” ಎಂದು ಕೇಳಿಯೂ ಕೇಳಿದರು. ಅಣ್ಣನ ಬಾಯಿ ತುಂಬ ಎಲೆಯಡಿಕೆ. ಉಗಿದು ಹೆಸರು ಹೇಳುವ ಬದಲು, “ಹೂಂ” ಎಂದರು. ಕೇಳಿದವರಿಗೆ ಅದು ಹಂದಿಯ ಗುಟುರಿನ ಹಾಗೆ ಕೇಳಿಸಿತು.

“ಕಾಗದ ಎಲ್ಲ ಸರಿ ಇತ್ತು. ಅಣ್ಣ ಮಾತ್ರ ಇರ್ಲಿಲ್ಲ,” ಎನ್ನುತ್ತಾರೆ ಆಚಾರ್ಯರು. ಅವರು ಕೋವಿ ಮುಟ್ಟದಿರುವುದಕ್ಕೆ ನಿಜವಾದ ಕಾರಣ ಇದು. ಎಲೆಯಡಿಕೆಯನ್ನೂ ಅಂದೇ ಬಿಟ್ಟರು.

ಆ ಮಂಜಿನಲ್ಲಿ ಅವರು ಎದೆ ಬಿರಿಯುವ ಹಾಗೆ ಹೆಸರು ಕೂಗಿದರು. ಅಜ್ಜನ ಬೆರಳು ಆಗಲೇ ಅದುಮಿತ್ತು. ಟಕ್. ಅಜ್ಜನಿಗೆ ಅನುಮಾನ ಬಾರದಿರಲೆಂದು ಮರದ ಕೋವಿಯೊಳಗೆ ಇವರೇ ಕೂರಿಸಿದ್ದ ಮರದ ನಾಲಿಗೆಯ ಸದ್ದು ಅದು. ಆಚಾರ್ಯರು ಮರಳಿನ ಮೇಲೆ ಕುಸಿದು ಅತ್ತರಂತೆ. ಆದರೆ ಅಜ್ಜ ಕೋವಿ ಇಳಿಸಲಿಲ್ಲ. ಇವರ ತಲೆಯ ಮೇಲಿಂದ ಹಿಂದಕ್ಕೆ ನೋಡುತ್ತಾ ಕೇಳಿದರು: “ನಿನ್ನ ಹೆಸರಾಯಿತು. ನಿನ್ನ ಹಿಂದೆ ನಿಂತವನು ಯಾಕೆ ಮಾತಾಡುವುದಿಲ್ಲ? ಅವನ ಬಾಯಿ ಯಾಕೆ ಅಷ್ಟು ಕೆಂಪು?”

ಕಾಯಿಲೆಯವರ ಕಣ್ಣಿಗೆ ಏನೇನೋ ಕಂಡೀತು, ಊರಿನ ಕಥೆ ಯಾವಾಗಲೋ ಇವರ ಬಾಯಿಂದಲೇ ಜಾರಿರಬಹುದು ಎಂದು ಕಾರಣ ಹುಡುಕುತ್ತೇನೆ. ಆಚಾರ್ಯರು ತಲೆಯಾಡಿಸುತ್ತಾರೆ. ಸೌದಿಯಲ್ಲಿ ಅಣ್ಣನ ಸುದ್ದಿಯನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲವಂತೆ. ಮೂರನೆಯ ಬಟ್ಟಲು ಎದುರಿಗೇ ಇದೆ, ಅದರ ಹಬೆ ಆರಿದೆ.

ಅಂದು ಅಣ್ಣನ ಹೆಸರನ್ನೂ ಇವರೇ ಹೇಳಿದ ಮೇಲೆ ಅಜ್ಜ ಕೋವಿ ಇಳಿಸಿದರಂತೆ. ಅಂದಿನಿಂದ ವಾರಕ್ಕೊಮ್ಮೆ ಶುಕ್ರವಾರ ಮುಂಜಾನೆ ಅವರು ಕರೆಯದೆಯೂ ಇಲ್ಲಿಗೆ ಬರುತ್ತಾರೆ. ತಿರುಗಣೆಗೆ ಎಣ್ಣೆ ಹಾಕುವುದು ನೆಪ. ಹೆಸರು ಕೇಳಿದ ಮೇಲೆ ಅಜ್ಜ ಇಡೀ ದಿನ ಶಾಂತವಾಗಿರುತ್ತಾರೆ, ಊಟ ಮಾಡುತ್ತಾರೆ, ಅಂಗಳದತ್ತ ಮತ್ತೆ ಗುರಿಯಿಡುವುದಿಲ್ಲ ಎಂದು ಸತ್ತಾಮ್ ಹೇಳುತ್ತಾನೆ. ಮಹಡಿಯ ಕಪಾಟಿನ ಬಾಗಿಲನ್ನು ನಿಜವಾಗಿ ಕೋವಿ ಬೇಕೆಂದು ತೆರೆಯುವ ಸಂದರ್ಭ ಈ ಮನೆಗೆ ಒಮ್ಮೆಯೂ ಬಂದಿಲ್ಲ.

ಹೊರಡುವಾಗ ಬೆಳಕು ಪೂರ್ತಿ ಹರಿದಿದೆ. ಪಿಕಪ್ಪಿನ ಬಳಿ ಬಂದ ಆಚಾರ್ಯರು ತಮ್ಮ ಬಾಗಿಲಿಗಿಂತ ಮೊದಲು ಹಿಂದಿನ ಬಾಗಿಲು ತೆರೆಯುತ್ತಾರೆ. ಸ್ವಲ್ಪ ಹೊತ್ತು ಹಿಡಿದು ನಿಂತು, ಮೆಲ್ಲಗೆ ಮುಚ್ಚುತ್ತಾರೆ. ದಾರಿಯಲ್ಲಿ, ಪತ್ರಿಕೆಯವರ ಮಾಮೂಲಿ ಪ್ರಶ್ನೆ ಮಾತ್ರ ಕೇಳುತ್ತೇನೆ: ಇನ್ನು ನಿಮ್ಮ ಆಸೆ ಏನು?

“ಆಸೆ ಎಂತ? ನಾನು ಮಾಡಿದ ಕಪಾಟಿನಿಂದ ಕೋವಿ ತಪ್ಪು ಕೈಗೆ ಹೋಗ್ಬಾರ್ದು. ಇಷ್ಟರವರೆಗೆ ಹೋಗ್ಲಿಲ್ಲ.” ಅವರು ರಸ್ತೆಯ ಮೇಲಿನ ಕಣ್ಣು ಕೀಳುವುದಿಲ್ಲ. “ಮತ್ತೆ, ಯಾರದು ಅಂತ ಕೇಳಿದವರು ಉತ್ತರ ಬರುವವರೆಗೆ ಕಾಯ್ಬೇಕು. ಕೆಲವರಿಗೆ ಹೇಳ್ಲಿಕ್ಕೆ ಸ್ವಲ್ಪ ತಡ ಆಗ್ತದೆ. ನಮ್ಮ ಅಣ್ಣನಿಗೆ ಇಪ್ಪತ್ತು ವರ್ಷ ಬೇಕಾಯ್ತು ನೋಡಿ.”