ಸಿರುಗುಪ್ಪದ ಈರಣ್ಣನ ಎಡ ಕಿಡ್ನಿ

೧೯೫೧ರಲ್ಲಿ ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯ. ಸತ್ಯನಾರಾಯಣಪೇಟೆಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಸಿರುಗುಪ್ಪದ ಈರಣ್ಣ ಬಂದದ್ದು ಬೇಸಿಗೆಯಲ್ಲಿ ಎಂದು ಬರೆಯಲು ಹೊರಟೆ. ಆದರೆ ನೆನಪಿನಲ್ಲಿ ಅವನ ಹೆಗಲ ಮೇಲೆ ಕಂಬಳಿಯೂ ಇದೆ. ಎರಡರಲ್ಲಿ ಒಂದು ಸುಳ್ಳು. ರಕ್ತದೊತ್ತಡ ೨೨೦/೧೩೦ ಇದ್ದದ್ದು ಮಾತ್ರ ನಿಜ.

ಕಾಲುವೆಯ ನೀರನ್ನು ಹೊಲಗಳಿಗೆ ಸರದಿಯಂತೆ ಬಿಡುವ ನೀರುಗಂಟಿ ಅವನು. ಮೂವತ್ತರ ಆಸುಪಾಸು, ಹೆಂಡತಿ ತೀರಿಕೊಂಡಿದ್ದಳು. ತಲೆನೋವು, ಕಣ್ಣು ಮಂಜು. ಎಕ್ಸ್-ರೇಯಲ್ಲಿ ಎಡ ಕಿಡ್ನಿ ಮುದುಡಿದ್ದು ಕಂಡಿತು. ರಕ್ತ ಸಾಲದ ಕಿಡ್ನಿ ರೆನಿನ್ ಎಂಬ ವಸ್ತುವನ್ನು ಹೊರಬಿಡುತ್ತದೆ, ಅದರಿಂದ ಹುಟ್ಟುವ ಹಾರ್ಮೋನು ಮೈಯ ರಕ್ತನಾಳಗಳನ್ನೆಲ್ಲ ಬಿಗಿಯುತ್ತದೆ ಎಂದು ಓದಿದ್ದೆ. ನಂಬಬಹುದಾದ ಮಾತ್ರೆ ನಮ್ಮಲ್ಲಿರಲಿಲ್ಲ. ಆ ಕಿಡ್ನಿ ತೆಗೆದರೆ ಬದುಕಬಹುದು. ಇಲ್ಲವಾದರೆ ವರ್ಷ ಕಳೆಯುವುದು ಕಷ್ಟ.

“ತುದಿ ಹೊಲಕ್ಕ ನೀರು ಸಾಲವಲ್ದು ಈರಣ್ಣ. ಅದು ಒದರಿ ಒದರಿ ಇಡೀ ಕಾಲುವಿ ಒಡಸಾಕ ಹತ್ತೈತಿ. ಆ ಕಿಡ್ನಿ ತಗೀಬೇಕು,” ಎಂದೆ.

ಅವನು ನಕ್ಕ. “ಹಂಗಾರ ನೀರು ಬಿಡ್ರಿ ಡಾಕ್ಟ್ರ. ಹೊಲಾನ ಕಿತ್ತು ಒಗೀತೀನಿ ಅಂತೀರಲ್ಲ, ನೀವೆಂಥಾ ನೀರುಗಂಟಿ!”

“ಕಿಡ್ನಿಗೆ ಹೋಗೋ ಅಷ್ಟು ಸಣ್ಣ ರಕ್ತನಾಳ ಸರಿ ಮಾಡಾಕ ನಮಗಿನ್ನೂ ಬರಂಗಿಲ್ಲಪ.”

“ಆತು, ತಗೀರಿ. ಕಣ್ಣಿದ್ರ ಸಾಕು, ತೂಬು ಕಾಣ್ತಾವ.”

ಶಸ್ತ್ರಚಿಕಿತ್ಸೆ ಆಯಿತು. ಮೇಲಿನ ಅಂಕಿ ೧೫೦ಕ್ಕೆ ಇಳಿಯಿತು. ಗೆದ್ದವನಂತೆ ವಾರ್ಡಿನಲ್ಲಿ ಓಡಾಡಿದೆ. ಅಷ್ಟರಲ್ಲಿ ನನಗೆ ಕುರುಗೋಡಿನ ಔಷಧಾಲಯಕ್ಕೆ ವರ್ಗವಾಯಿತು. ಈರಣ್ಣ ಅಲ್ಲಿಗೇ ಬರತೊಡಗಿದ. ಕೆಲವು ತಿಂಗಳಲ್ಲಿ ಪಾದರಸ ಮತ್ತೆ ೨೦೦ ದಾಟಿತು. ಬಹುಕಾಲ ಒತ್ತಡದ ಹೊಡೆತ ತಿಂದ ಬಲ ಕಿಡ್ನಿಯೂ ಕೆಟ್ಟಿತ್ತು. ಅದನ್ನು ತೆಗೆಯುವಂತಿರಲಿಲ್ಲ. ಕಾರಣ ಗೊತ್ತಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಹಾಗೆಂದೇ ಹೇಳಿದೆ. ತೋಳಿನ ಪಟ್ಟಿಯನ್ನು ಅವನೇ ಬಿಚ್ಚಿ ಮಡಚಿಕೊಟ್ಟ.

ಆದರೂ ಪ್ರತಿ ಸಂತೆಯ ದಿನ ಬರುತ್ತಿದ್ದ. ಒಮ್ಮೆ ಕೇಳಿದೆ: “ಔಷಧ ಇಲ್ಲ ಅಂದ ಮ್ಯಾಲೂ ಇಷ್ಟು ದೂರ ಯಾಕ ಬರ್ತೀ?”

“ನಿಮಗಾರ ಮಾತಾಡಾಕ ಇಲ್ಲಿ ಯಾರದಾರ, ಹೇಳ್ರಿ? ಎಷ್ಟೈತಿ ನೋಡ್ರಿ, ಸುಮ್ನ.”

ನೋಡಿದೆ. ಎಷ್ಟಿತ್ತೋ ನೆನಪಿಲ್ಲ. ಅವನ ತೋಳು ಬೆಚ್ಚಗಿತ್ತು ಎಂದು ಬರೆಯಬಹುದು. ಅದನ್ನೂ ನಾನು ಆಮೇಲೆ ಸೇರಿಸಿಕೊಂಡಿರಬಹುದು.

ಒಂದು ಸಂತೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಸಂತೆ ಕರಗಿದ ಮೇಲೂ ಔಷಧಾಲಯದ ಬಾಗಿಲು ತೆರೆದಿಟ್ಟು ಕೂತಿದ್ದೆ. ರೋಗಿಗೆ ವೈದ್ಯ ಬೇಕು ಎಂಬುದನ್ನಷ್ಟೇ ಕಲಿತು ಈ ಕೆಲಸಕ್ಕೆ ಬಂದಿದ್ದೆ.